ಮೇಣದ ಮುಖವೂ ಹೆಸರಿನ ಫಲಕವೂ

ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್ ಪಟ್ಟಣದಲ್ಲಿ 2012ರವರೆಗೆ ಮೇಣದ ಗೊಂಬೆಗಳ ಸಂಗ್ರಹಾಲಯವೊಂದಿತ್ತು. ಅಲ್ಲಿ ನಿಂತಿದ್ದ ರಾಜಮನೆತನದವರನ್ನೂ ಚಿತ್ರತಾರೆಯರನ್ನೂ ಗುರುತಿಸಲು ಕಣ್ಣಿಗಿಂತ ಅಕ್ಷರಜ್ಞಾನವೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಗೊಂಬೆಯ ಮುಖವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಹೊಳೆಯದ ಹೆಸರು, ಕಾಲ ಬಳಿಯ ಫಲಕ ಓದಿದ ಕೂಡಲೇ ಹೊಳೆಯುತ್ತಿತ್ತು. ಹೊಳೆದ ಮೇಲೆ ಪ್ರೇಕ್ಷಕ ಮತ್ತೊಮ್ಮೆ ಮುಖ ನೋಡಿ, ತಪ್ಪು ತನ್ನದೋ ಶಿಲ್ಪಿಯದೋ ಎಂದು ತಿಳಿಯದೆ ಮುಂದಿನ ಗೊಂಬೆಯತ್ತ ಸರಿಯುತ್ತಿದ್ದ. ಲೋಕದ ಅತಿ ಕೆಟ್ಟ ಮೇಣದ ಸಂಗ್ರಹಾಲಯವೆಂಬ ಕೀರ್ತಿ ಹಬ್ಬಿದ್ದೇ ತಡ, ಅದನ್ನು ಕಣ್ಣಾರೆ ಕಾಣಲೆಂದೇ ಜನ ಬರತೊಡಗಿದರು. ಹೋಲಿಕೆಯಿಂದ ದಕ್ಕದ ಕೀರ್ತಿ ಹೋಲದೇ ಇದ್ದುದರಿಂದ ದಕ್ಕಿತು.

ಇದಕ್ಕೆ ಪ್ರತಿಯಾಗಿ, ಲಂಡನ್ನಿನ ಹೆಸರಾಂತ ಮೇಣದ ಸಂಗ್ರಹಾಲಯವಾದ ಮೇಡಂ ಟುಸ್ಸಾಡ್ಸ್‌ನವರು ಪಡುವ ಪಾಡನ್ನು ನೆನೆದರೆ ಅಯ್ಯೋ ಎನಿಸುತ್ತದೆ. ಗಣ್ಯರನ್ನು ಎದುರು ನಿಲ್ಲಿಸಿಕೊಂಡು ಮೈಯ ಸುಮಾರು 250 ಅಳತೆಗಳನ್ನು ತೆಗೆಯುತ್ತಾರೆ. ಲೋಹದ ಹಂದರದ ಮೇಲೆ ಜೇಡಿಮಣ್ಣು ಮೆತ್ತಿ ರೂಪ ತಿದ್ದುತ್ತಾರೆ, ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ಕರಗಿಸಿದ ಜೇನುಮೇಣದ ಮಿಶ್ರಣ ಹೊಯ್ಯುತ್ತಾರೆ. ಆರಿದಾಗ ಮೇಣ ಕುಗ್ಗುವುದರಿಂದ ಮಣ್ಣಿನ ರೂಪವನ್ನು ಮೊದಲೇ ಶೇಕಡಾ 2ರಷ್ಟು ದೊಡ್ಡದಾಗಿ ಮಾಡಿಟ್ಟಿರುತ್ತಾರೆ. ಗಣ್ಯರನ್ನು ಇದ್ದುದಕ್ಕಿಂತ ಕೊಂಚ ಹಿಗ್ಗಿಸಿ ತೋರಿಸುವ ಪದ್ಧತಿಗೆ ಇಷ್ಟು ಸಮರ್ಪಕವಾದ ವೈಜ್ಞಾನಿಕ ಕಾರಣ ಬೇರೆಲ್ಲೂ ಸಿಗಲಾರದು. ಕಣ್ಣಿನ ಬಿಳಿಯಲ್ಲಿ ನರಗಳು ಕಾಣಲೆಂದು ಕೆಂಪು ರೇಷ್ಮೆಯ ಎಳೆಗಳನ್ನು ಕೂರಿಸುತ್ತಾರೆ. ಆಮೇಲೆ ಒಬ್ಬರು ಸೂಜಿ ಹಿಡಿದು ಕುಳಿತು, ಒಂದೊಂದೇ ಕೂದಲನ್ನು ನೆತ್ತಿಯ ಮೇಣದೊಳಕ್ಕೆ ಚುಚ್ಚುತ್ತಾರೆ. ಈ ಕೆಲಸವೊಂದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಇಷ್ಟಾದ ಮೇಲೆ ಬರುವ ಪ್ರೇಕ್ಷಕ ಆ ನೆತ್ತಿಗೆ ಬೆನ್ನು ತಿರುಗಿಸಿ, ಮೊಬೈಲನ್ನು ಮೇಲೆತ್ತಿ, ತನ್ನ ಕೂದಲನ್ನು ಸರಿಪಡಿಸಿಕೊಳ್ಳುತ್ತಾನೆ.

ಮೇಣವೆಂದ ಮಾತ್ರಕ್ಕೆ ಇಡೀ ಗೊಂಬೆ ಮೇಣವೆಂದು ಭಾವಿಸಬೇಕಾಗಿಲ್ಲ. ತಲೆ ಮೇಣದ್ದು, ಉಡುಪಿನೊಳಗಿನ ಮೈ ಫೈಬರ್‌ಗ್ಲಾಸಿನದು. ಕಾಣುವಲ್ಲಿ ಮಾತ್ರ ಕಾಳಜಿ ವಹಿಸಿ ಕಾಣದಲ್ಲಿ ಟೊಳ್ಳು ಉಳಿಸುವುದು ಶಿಲ್ಪಿಯ ಜುಗ್ಗತನವಲ್ಲ, ಗಣ್ಯರ ಬದುಕನ್ನು ಆತ ಒಳಹೊರಗೂ ಅಭ್ಯಾಸ ಮಾಡಿದ್ದಕ್ಕೆ ಸಾಕ್ಷಿ ಎಂದೇ ನನ್ನ ಅಭಿಪ್ರಾಯ. ಆ ಸಂಗ್ರಹಾಲಯವನ್ನು ಸ್ಥಾಪಿಸಿದ ಮರೀ ಟುಸ್ಸಾಡ್, ತಾವೇ ಹೇಳಿಕೊಂಡ ಪ್ರಕಾರ, ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ತಲೆ ಕಡಿಯುವ ಯಂತ್ರ ಗಿಲೊಟಿನ್‌ಗೆ ಸಿಕ್ಕ ತಲೆಗಳಿಂದ ಮೇಣದ ಅಚ್ಚು ತೆಗೆದವರು. ಆಗ ತಲೆ ಹೋದವರಿಗಷ್ಟೇ ಈ ಗೌರವ ಸಿಗುತ್ತಿತ್ತೆಂದಲ್ಲ. ಮರೀ 1777ರಲ್ಲಿ ಜೀವಂತನಿದ್ದ ಫ್ರೆಂಚ್ ಲೇಖಕ ವೋಲ್ಟೇರನನ್ನೂ ಮೇಣಕ್ಕಿಳಿಸಿದ್ದರು.

ಮೇಣದ ಲೋಕದಲ್ಲಿ ಆಡಳಿತವೂ ಚುರುಕು. 2020ರ ಜನವರಿಯಲ್ಲಿ ರಾಜಕುಮಾರ ಹ್ಯಾರಿ ಮತ್ತು ಮೇಗನ್ ರಾಜಮನೆತನದ ಹೊಣೆಗಳಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿದ ಮರುದಿನವೇ ಲಂಡನ್ನಿನಲ್ಲಿ ಅವರ ಗೊಂಬೆಗಳನ್ನು ರಾಜಪರಿವಾರದ ಸಾಲಿನಿಂದ ಎತ್ತಿ ಬೇರೆಡೆ ಇಟ್ಟರು. ಅರಮನೆಯಲ್ಲಿ ಮಾತುಕತೆ ಮುಗಿಯುವ ಮೊದಲೇ ಮೇಣದ ಅರಮನೆಯಲ್ಲಿ ಪಾಲುಪಟ್ಟಿ ಮುಗಿದಿತ್ತು.

ಯಾರ್ಮತ್ತಿನವರು ಇಂಥ ಗಡಿಬಿಡಿಗೆ ಬಿದ್ದವರಲ್ಲ. ಅವರ ಕಟ್ಟಡದ ಮೇಲೆಯೇ ಮರೀ ಅವರ ಮರಿಮೊಮ್ಮಗ ಲೂಯಿ ಟುಸ್ಸಾಡರ ಹೆಸರಿತ್ತು. ಹೊರಗಿನ ಫಲಕ ನಂಬಿ ಟಿಕೆಟ್ ಕೊಂಡವನು ಒಳಗಿನ ಫಲಕವನ್ನೂ ನಂಬುವುದೇ ಮರ್ಯಾದೆ. ಬಾಗಿಲು ಮುಚ್ಚಿದ ಮೇಲೆ ಆ ಗೊಂಬೆಗಳು ಸಮುದ್ರವೇ ಇಲ್ಲದ ಜೆಕ್ ದೇಶದ ಖರೀದಿದಾರರ ಪಾಲಾದವು. ಫಲಕಗಳನ್ನೂ ಜೊತೆಯಲ್ಲಿ ಕಟ್ಟಿ ಕಳಿಸಿದರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. ದಾರಿಯಲ್ಲಿ ಅವು ಅದಲುಬದಲಾಗಿದ್ದರೆ ಆಕ್ಷೇಪಿಸುವವರು ಯಾರೂ ಇರಲಾರರು.