ಕೊಲೆಗಾರನ ನೆಗಡಿ

ನಿನ್ನೆ ರಾತ್ರಿ ಹತ್ತೂವರೆಗೆ ನಮ್ಮ ಮನೆಯ ಜಗುಲಿಯಲ್ಲಿ ಏಳು ಜನ ಕೈಯಲ್ಲಿ ಹಸಿ ಅಡಿಕೆ ಹಿಡಿದು, ಉಸಿರು ಬಿಗಿಹಿಡಿದು ಕುಳಿತಿದ್ದೆವು. ಎಂಟನೆಯವನು ಸತ್ತು ಆರು ದಿನವಾಗಿತ್ತು. ಅವನನ್ನು ಕೊಂದವರು ಯಾರೆಂದು ಹೇಳಬೇಕಾಗಿದ್ದ ಮೊಬೈಲ್ ಬಾಯಿ ಮುಚ್ಚಿಕೊಂಡಿತ್ತು.

ಶಿರಸಿ ಸೀಮೆಯವರಿಗೆ ಈ ದಿನಗಳನ್ನು ವಿವರಿಸಬೇಕಾಗಿಲ್ಲ. ಚಾಲಿ, ಅಂದರೆ ಬಿಳಿ ಅಡಿಕೆ, ಮಾಡುವವರು ಕೊನೆ ಕೊಯ್ದು, ಅಡಿಕೆಯನ್ನು ಅಂಗಳದಲ್ಲಿ ಹರಡಿ, ಹಾಯಾಗಿ ನಿದ್ದೆ ಮಾಡುತ್ತಾರೆ. ಕೆಂಪಡಿಕೆ ಮಾಡುವ ನಮಗೆ ಆ ಭಾಗ್ಯವಿಲ್ಲ. ಹಸಿಯಿರುವಾಗಲೇ ಸುಲಿದು ಬೇಯಿಸಬೇಕು. ರಾತ್ರಿ ಊಟವಾದ ಮೇಲೆ ಮೆಟ್ಟುಗತ್ತಿ ಹಾಕಿಕೊಂಡು ಕುಳಿತರೆ ಏಳುವಾಗ ಹನ್ನೊಂದು. ಟಿ.ವಿ. ಹಚ್ಚಿದರೆ ಕಣ್ಣು ಅತ್ತ, ಬೆರಳು ಕತ್ತಿಯತ್ತ. ಅದಕ್ಕೇ ಈ ವರ್ಷ ನಾನು ಆಡಿಯೋ ಪುಸ್ತಕ ಹಚ್ಚಿದೆ. ಒಂದು ಪುಟ್ಟ ಸ್ಪೀಕರ್, ತಿಂಗಳಿಗಿಷ್ಟು ಎಂದು ಚಂದಾ. ಅಡಚಣೆ ಒಂದೇ. ಅಡಿಕೆಯ ಕರೆ ಹತ್ತಿದ ಕೈಯಲ್ಲಿ ಮೊಬೈಲ್ ಮುಟ್ಟುವಂತಿಲ್ಲ. ಒಮ್ಮೆ ಹಚ್ಚಿದ ಮೇಲೆ ಓದುವವರು ಹೇಗೆ ಓದಿದರೂ ಡಬ್ಬಿ ತುಂಬುವವರೆಗೆ ಸಹಿಸಿಕೊಳ್ಳಬೇಕು.

ಮೊದಲ ವಾರ ದೊಡ್ಡಪ್ಪನ ಒತ್ತಾಯಕ್ಕೆ ಇತಿಹಾಸ. 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯ ಕಥೆ. ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಅಂದರೆ ಕಾಳುಮೆಣಸಿನ ರಾಣಿ ಎನ್ನುತ್ತಿದ್ದರು. ನಮ್ಮ ಅಡಿಕೆ ಮರಕ್ಕೆ ಇಂದಿಗೂ ಮೆಣಸಿನ ಬಳ್ಳಿಯೇ ಹಬ್ಬಿರುವುದರಿಂದ ಆಕೆ ನಮಗೆ ದೂರದವಳಲ್ಲ. ಫೋನು ಮಾಡಿ ಇವತ್ತಿನ ದರ ಕೇಳಬಹುದು ಎನ್ನುವಷ್ಟು ಹತ್ತಿರದವಳು. ಆದರೆ ದನಿ ಕೊಟ್ಟ ಮಹಾಶಯರಿಗೆ ಹಕಾರದೊಡನೆ ಏನೋ ಹಳೆಯ ವ್ಯಾಜ್ಯ. ಇರಬೇಕಾದಲ್ಲಿಂದ ಕಿತ್ತು, ಇರಬಾರದಲ್ಲಿ ನೆಡುತ್ತಾರೆ. ಹಾಡುವಳ್ಳಿ ಆಡುವಳ್ಳಿಯಾಯಿತು. ಅಷ್ಟಾದರೆ ತಡೆದುಕೊಳ್ಳಬಹುದಿತ್ತು. ಮೂರನೆಯ ರಾತ್ರಿ ಗಂಭೀರವಾದ ವೀಣಾನಾದದ ನಡುವೆ ಈ ವಾಕ್ಯ ಬಂತು: “ಹರಸಿಯು ಹಾನೆಯನ್ನೇರಿ ಒನ್ನಾವರಕ್ಕೆ ಒರಟಳು.”

ನನ್ನ ಹೆಂಡತಿಯ ಕೈಯಿಂದ ಅಡಿಕೆ ಜಾರಿತು. ದೊಡ್ಡಪ್ಪ ನಿವೃತ್ತ ಮೇಷ್ಟರು, ಹರೆಯದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ಅವರು ಕತ್ತಿಯಿಂದ ಕಾಲು ತೆಗೆದು, “ತಮಾ, ಆ ಹಾನೆಯನ್ನು ಮೊದಲು ಎಲ್ಲಾದರೂ ಕಟ್ಟಿಹಾಕು” ಎಂದರು. ಊರೂರಿನ ನಾಲಗೆ ಬೇರೆ, ಒಪ್ಪುತ್ತೇನೆ. ನಮ್ಮ ಮನೆಮಾತನ್ನು ಕೇಳಿದರೆ ಧಾರವಾಡದವರೂ ನಗುತ್ತಾರೆ. ಆದರೆ ದುಡ್ಡು ಕೊಟ್ಟು ಕೇಳುವ ರಾಣಿಯನ್ನು ಒರಟಳು ಎನ್ನಬೇಕೇ?

ಇಸವಿಗಳದ್ದು ಇನ್ನೊಂದು ಗೋಳು. 1552 ಎಂದರೆ ಅವರಿಗೆ “ಒಂದು, ಐದು, ಐದು, ಎರಡು.” ಉಳಿದ ಆರು ಅಂಕಿ ಯಾವಾಗ ಹೇಳುತ್ತಾನೆ ಎಂದು ದೊಡ್ಡಪ್ಪ ಕಾದರು. ಜೊತೆಗೆ ಹಿನ್ನೆಲೆಯ ಕುದುರೆ. ಮೆಣಸಿನ ಮೂಟೆ ಶರಾವತಿಯಲ್ಲಿ ದೋಣಿಯ ಮೇಲೆ ಸಾಗುತ್ತಿದ್ದರೂ ಕುದುರೆ ಕೆನೆಯುತ್ತದೆ. ರಾಣಿ ಬಸದಿಯಲ್ಲಿ ಕಣ್ಣು ಮುಚ್ಚಿ ಕುಳಿತಾಗಲೂ ಕೆನೆಯುತ್ತದೆ. ಎಂಟನೆಯ ರಾತ್ರಿ ಸರ್ವಾನುಮತದಿಂದ ರಾಣಿಯನ್ನು ಆನೆಯ ಮೇಲೆಯೇ ಬಿಟ್ಟು ನಾವು ಕೊಲೆಗೆ ಹೊರಟೆವು.

ಈ ಪತ್ತೇದಾರಿ ಕಥೆ ನಡೆಯುವುದು ಬ್ರಿಟಿಷರ ಕಾಲದ ಕಲಕತ್ತೆಯಲ್ಲಿ. ಜಗತ್ತಿನ ಮೊದಲ ಬೆರಳಚ್ಚು ವಿಭಾಗ 1897ರಲ್ಲಿ ಶುರುವಾದದ್ದು ಅಲ್ಲೇ. ಅದನ್ನು ಕೇಳಿ ದೊಡ್ಡಪ್ಪನಿಗೂ ಸಮಾಧಾನ: ಕೊಲೆಯ ಜೊತೆಗೆ ಸ್ವಲ್ಪ ಇತಿಹಾಸವೂ ಸಿಕ್ಕಿತಲ್ಲ. ಒಬ್ಬ ಜಮೀನುದಾರ ಸತ್ತಿದ್ದಾನೆ. ಅನುಮಾನ ಅಳಿಯನ ಮೇಲೆ, ವೈದ್ಯನ ಮೇಲೆ, ಹೆಂಡತಿಯ ಮೇಲೆ. ಮೂಲೆಯಲ್ಲಿ ಲೆಕ್ಕ ಬರೆಯುತ್ತ ಕುಳಿತ ಗುಮಾಸ್ತನ ಮೇಲೆ ಯಾರಿಗೂ ಅನುಮಾನವಿಲ್ಲ. ಓದುವವರು ಬೇರೆ. ಹಕಾರ ಅಪ್ಪಟ. ಉಚ್ಚಾರ ಕನ್ನಡಿಯಂತೆ ಸ್ವಚ್ಛ. ಇವರ ರೋಗ ಇನ್ನೊಂದು, ಅಭಿನಯ.

ಎಲ್ಲರಿಗೂ ಒಂದೊಂದು ದನಿ. ಇನ್ಸ್‌ಪೆಕ್ಟರನಿಗೆ ಗುಡುಗು. ವೈದ್ಯನಿಗೆ ಕೆಮ್ಮು. ಜಮೀನುದಾರನ ಹೆಂಡತಿಗೆ ಬಾಲ ಬಾಗಿಲ ಸಂದಿಗೆ ಸಿಕ್ಕಿದ ಬೆಕ್ಕಿನ ಮರಿಯ ದನಿ. ಕೆಲಸಕ್ಕೆ ಪ್ರತಿಯಾಗಿ ಕೆಲಸ ಎಂದು ಮುಯ್ಯಾಳಾಗಿ ಬರುವ ಪಕ್ಕದ ಮನೆಯ ಅಕ್ಕ ಅದನ್ನು ಕೇಳಿ, “ಗಂಡ ಸತ್ತವಳು ಹೀಗೆ ಮಾತನಾಡುವುದಿಲ್ಲ” ಎಂದರು. ಅಕ್ಕನಿಗೆ ಗೊತ್ತು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಇನ್ನು ಗುಮಾಸ್ತ. ಎರಡನೆಯ ರಾತ್ರಿ ಅವನು ಮೊದಲ ಸಲ ಬಾಯಿ ತೆರೆದ. ಲೇಖಕರು ಅವನಿಗೆ ಬರೆದುಕೊಟ್ಟದ್ದು ಇಷ್ಟೇ: “ನಮಸ್ಕಾರ, ಚಹಾ ತರಿಸಲೇ?” ಓದುವವರು ಅದನ್ನು ಮೂಗು ಕಟ್ಟಿದ ದನಿಯಲ್ಲಿ, ಎಣ್ಣೆಯಲ್ಲಿ ಅದ್ದಿ, ‘ಚಹಾ’ದ ಮುಂದೆ ಹಾವು ಹರಿದುಹೋಗುವಷ್ಟು ಹೊತ್ತು ನಿಂತು ಹೇಳಿದರು. ಅಕ್ಕ ತಲೆಯೆತ್ತದೆ, “ಇವನೇ” ಎಂದರು.

“ಯಾರು?”

“ಈ ನೆಗಡಿಯವನು. ಒಳ್ಳೆಯ ಮನುಷ್ಯ ಒಂದು ಲೋಟ ಚಹಾಕ್ಕೆ ಇಷ್ಟು ಹೊತ್ತು ತೆಗೆದುಕೊಳ್ಳುತ್ತಾನೆಯೇ?”

ನಾನು ವಾದಿಸಿದೆ. ಪತ್ತೇದಾರಿಯ ಕಟ್ಟುಕಟ್ಟಳೆ ವಿವರಿಸಿದೆ. ಅಳಿಯನ ಸಾಲ, ವೈದ್ಯನ ಔಷಧಿಪೆಟ್ಟಿಗೆ, ಮುರಿದ ಗಡಿಯಾರ, ಇನ್ನೂ ಹದಿನಾಲ್ಕು ಅಧ್ಯಾಯಗಳಿವೆ ಎಂದೆ. ಕೊನೆಗೆ ರೋಸಿಹೋಗಿ ಪಂಥವನ್ನೂ ಕಟ್ಟಿದೆ: ಸೋತವರು ಗೆದ್ದವರ ಪಾಲಿನ ಎರಡು ಡಬ್ಬಿ ಅಡಿಕೆ ಸುಲಿಯಬೇಕು. ದೊಡ್ಡಪ್ಪ ನಿಟ್ಟುಸಿರುಬಿಟ್ಟರು. ಅವರ ತಕರಾರು ನನಗಿಂತ ಆಳದ್ದು. “ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವನು ಕೌರವನ ಪರವಾಗಿ ವಾದಿಸುತ್ತಾನೆ. ಆ ಹೊತ್ತಿಗೆ ಕೌರವನೇ ಸರಿ ಎನಿಸಬೇಕು. ಈ ಪುಣ್ಯಾತ್ಮ ಪುಸ್ತಕವನ್ನು ಮೊದಲೇ ಓದಿಕೊಂಡು ಬಂದಿದ್ದಾನೆ. ಆ ತಿಳಿವಳಿಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.”

ನಿಜ. ಆಮೇಲಿನ ನಾಲ್ಕು ರಾತ್ರಿ ಗುಮಾಸ್ತ ಬಾಯಿ ತೆರೆದಾಗಲೆಲ್ಲ ಜಗುಲಿಯಲ್ಲಿ ಯಾರಾದರೊಬ್ಬರು ಮೂಗು ಏರಿಸುತ್ತಿದ್ದರು. ವೇಗವನ್ನು 1.25ಕ್ಕೆ ಏರಿಸಿ ನೋಡಿದೆ. ನೆಗಡಿ ವಾಸಿಯಾಗಲಿಲ್ಲ, ಬೇಗ ಬೇಗ ಬರತೊಡಗಿತು.

ನಿನ್ನೆ ಕೊನೆಯ ಅಧ್ಯಾಯ. ಇನ್ಸ್‌ಪೆಕ್ಟರ್ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಮನುಷ್ಯನ ಬೆರಳಿನ ಗೆರೆ ಹುಟ್ಟಿನಿಂದ ಸಾವಿನವರೆಗೂ ಬದಲಾಗುವುದಿಲ್ಲ ಎಂದು ಐದು ನಿಮಿಷ ಗುಡುಗಿದ. “ಗಾಜಿನ ಮೇಲಿನ ಬೆರಳಚ್ಚು ಹೊಂದಿಕೆಯಾದದ್ದು—” ಎನ್ನುವಷ್ಟರಲ್ಲಿ ಮೊಬೈಲಿಗೆ ನಮ್ಮ ಮೇಲೆಯೇ ಅನುಮಾನ ಬಂತು. ಬಹಳ ಹೊತ್ತಿನಿಂದ ಯಾರೂ ಮುಟ್ಟಿಲ್ಲವಲ್ಲ, ‘ಇನ್ನೂ ಕೇಳುತ್ತಿದ್ದೀರಾ?’ ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು.

ಕೇಳುತ್ತಿದ್ದೇವೆ ಮಾರಾಯ! ಹೌದು ಎನ್ನಲು ಬೀಗ ತೆಗೆಯಬೇಕು. ಬಲಗೈ ಹೆಬ್ಬೆರಳು ಒತ್ತಿದೆ. ಹೊಂದಿಕೆಯಾಗಲಿಲ್ಲ. ಪಂಚೆಗೆ ಒರೆಸಿ ಒತ್ತಿದೆ. ಇಲ್ಲ. ಹದಿನೈದು ದಿನದ ಕರೆ ಕೂತು ನನ್ನ ಬೆರಳಿನ ಗೆರೆಗಳೆಲ್ಲ ಹಳೆಯ ತಾಮ್ರಪಟದಂತಾಗಿದ್ದವು. ಆ ಇನ್ಸ್‌ಪೆಕ್ಟರ್ ಅಡಿಕೆ ಸುಲಿದವನಲ್ಲ. ಹೆಂಡತಿ ತೆಂಗಿನೆಣ್ಣೆ ತಂದಳು. ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ಬೆರಳು ಪರದೆಯ ಮೇಲೆ ಜಾರಿ ಟಾರ್ಚ್ ಹೊತ್ತಿತು. ನಾಲ್ಕಂಕಿಯ ಸಂಖ್ಯೆ ಹಾಕೋಣವೆಂದರೆ ಅದನ್ನು ಇಟ್ಟವಳು ಮಗಳು. ನನ್ನ ಜನ್ಮವರ್ಷವನ್ನು ಮೂಗಿನ ತುದಿಯಿಂದ ಒತ್ತಿ ನೋಡಿದೆ. ಮೂವತ್ತು ಸೆಕೆಂಡು ತಡೆದು ಪ್ರಯತ್ನಿಸಿ ಎಂದಿತು. ಟಾರ್ಚಿನ ಬೆಳಕು ನೇರ ನನ್ನ ಮುಖಕ್ಕೇ ಬೀಳುತ್ತಿತ್ತು. ವಿಚಾರಣೆ ನಡೆಯುತ್ತಿರುವುದು ನನ್ನದೇ ಎನ್ನುವಂತೆ ಆರೂ ಜನ ನೋಡುತ್ತಿದ್ದರು.

ಆ ಮೌನದಲ್ಲಿ ದೊಡ್ಡಪ್ಪ, “ಅಪ್ಪಯ್ಯ ಓದುತ್ತಿದ್ದಾಗ ಈ ಉಪದ್ರವವಿರಲಿಲ್ಲ” ಎಂದರು.

ಅಜ್ಜ ಓದುತ್ತಿದ್ದುದು ಇದೇ ಜಗುಲಿಯಲ್ಲಿ, ಲಾಟೀನಿನ ಬೆಳಕಿನಲ್ಲಿ, ಮಾಸಿದ ಪತ್ತೇದಾರಿ ಪುಸ್ತಕಗಳನ್ನು. ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಹಾಗಾಗಿ ಪೊಲೀಸನಿಗೂ ಕಳ್ಳನಿಗೂ ಮುದುಕಿಗೂ ಒಂದೇ ದನಿ. ಸರಿಯಾಗಿ ಕತ್ತಿ ಎತ್ತುವ ಹೊತ್ತಿಗೆ ಉಗುಳಲು ಎದ್ದು ಹೋಗುತ್ತಿದ್ದರು. ಬರುವವರೆಗೆ ಸುಲಿಯುವವರೆಲ್ಲ ತಮಗೆ ತೋಚಿದವರನ್ನು ಗಲ್ಲಿಗೇರಿಸುತ್ತಿದ್ದರು. ನಾನು ಅಜ್ಜಿಯ ಮಡಿಲಲ್ಲಿ ನಿದ್ದೆಹೋಗಿ, ಒಂದು ಕಥೆಯ ಕೊನೆಯನ್ನೂ ಕೇಳಿದವನಲ್ಲ. ಆ ದನಿಯನ್ನು ಯಾರೂ ಹಿಡಿದಿಡಲಿಲ್ಲ. ಹಿಡಿದಿಡಬಹುದು ಎಂದು ಆಗ ಯಾರಿಗೆ ಗೊತ್ತಿತ್ತು?

ಕೊನೆಗೆ ಮಗಳನ್ನು ಎಬ್ಬಿಸಲಾಯಿತು. ಅವಳು ಕಣ್ಣು ಬಿಡದೆ, “ಒಂದು, ಐದು, ಆರು, ಐದು” ಎಂದಳು. ವಿಜಯನಗರ ಸೋತ ವರ್ಷ, ಪರೀಕ್ಷೆಗೆ ನೆನಪಿರಲಿ ಎಂದು ಇಟ್ಟದ್ದಂತೆ. ದೊಡ್ಡಪ್ಪ ನನ್ನನ್ನು ನೋಡಿದರು. ನಾನು ಅಡಿಕೆಯನ್ನು ನೋಡಿದೆ.

ಅವಳೇ ಒತ್ತಿಕೊಟ್ಟಳು. ಬೆರಳಚ್ಚು ಹೊಂದಿಕೆಯಾದದ್ದು ಗುಮಾಸ್ತನದ್ದು. ಸಿಕ್ಕಿಬಿದ್ದ ಮೇಲೆ ಅವನು ಒಂದು ಪುಟದಷ್ಟು ತಪ್ಪೊಪ್ಪಿಕೊಂಡ, ಅದಷ್ಟೂ ಮೂಗಿನಲ್ಲಿ. ಅಕ್ಕ ಗೆದ್ದೆ ಎಂದೂ ಹೇಳಲಿಲ್ಲ. ತಮ್ಮ ಎರಡು ಡಬ್ಬಿಗಳನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿ, ಕವಳದ ಸಂಚಿ ಬಿಚ್ಚಿದರು.

ಇವತ್ತು ಒಬ್ಬನೇ ಕುಳಿತು ಆ ಪಂಥ ತೀರಿಸುತ್ತಿದ್ದೇನೆ. ಕೊಲೆಗಳೆಲ್ಲ ಮುಗಿದವು, ಹೊಸದನ್ನು ಹಚ್ಚೋಣವೆಂದರೆ ಹೆಬ್ಬೆರಳಿಗೆ ಇನ್ನೂ ಕ್ಷಮೆ ಸಿಕ್ಕಿಲ್ಲ. ಮಗಳು ಶಾಲೆಗೆ ಹೋಗುವ ಮುನ್ನ ಅರ್ಧಕ್ಕೆ ಬಿಟ್ಟಿದ್ದ ಇತಿಹಾಸವನ್ನೇ ಹಚ್ಚಿಕೊಟ್ಟು ಹೋದಳು. ಒಂದೂವರೆ ಡಬ್ಬಿ ಬಾಕಿಯಿದೆ. ಹರಸಿ ಹಾನೆಯಿಂದ ಇನ್ನೂ ಇಳಿದಿಲ್ಲ.