ಕರಡಿಯ ಕನ್ನಡಕ

ಅಟ್ಟ ಹತ್ತಿದ್ದು ಹಳೆಯ ಟೇಬಲ್ ಫ್ಯಾನ್ ಹುಡುಕಲು. ಫ್ಯಾನ್ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದು ನನ್ನ ಕರಡಿ.

ಈ ಕರಡಿಯ ವಿಷಯ ನನ್ನ ಹೆಂಡತಿಗೆ ಬಾಯಿಪಾಠ. ಮದುವೆಯಾದ ವಾರದಿಂದ ಕೇಳುತ್ತಿದ್ದಾಳೆ. ನಾನು ಚಿಕ್ಕವನಿದ್ದಾಗ ಒಂದು ಚಿತ್ರಪುಸ್ತಕ ಇತ್ತು, ಅದರಲ್ಲೊಂದು ಕರಡಿ, ಮೈಮೇಲೆ ಕೆಂಪು ಕೋಟು, ಮೂಗಿನ ಮೇಲೆ ದುಂಡನೆಯ ಕಪ್ಪು ಕನ್ನಡಕ. ಕೋಟು ಬಿಡಿ, ಅದನ್ನು ಯಾರು ಬೇಕಾದರೂ ತೊಡಿಸುತ್ತಾರೆ. ಕರಡಿಗೆ ಕನ್ನಡಕ ಹಾಕಬೇಕು ಅಂತ ಹೊಳೆಯಬೇಕಾದರೆ ಆ ಕಲಾವಿದನ ತಲೆ ಎಂಥದ್ದಿರಬೇಕು! ಹೀಗಂತ 30 ವರ್ಷ, ಸಿಕ್ಕಸಿಕ್ಕವರ ಮುಂದೆ ಭಾಷಣ ಮಾಡಿದ್ದೇನೆ. ಹತ್ತನೇ ವಯಸ್ಸಿನಲ್ಲಿ ನನಗೇ ಕನ್ನಡಕ ಬಂದಾಗ ಹಟ ಹಿಡಿದು ದುಂಡನೆಯ ಫ್ರೇಮೇ ಹಾಕಿಸಿಕೊಂಡೆ. ಗಾಜೂ ಕಪ್ಪೇ ಬೇಕು ಅಂದೆ. ಡಾಕ್ಟರು ಒಪ್ಪಲಿಲ್ಲ. ಶಾಲೆಯಲ್ಲಿ ನನ್ನನ್ನು ಏನೆಂದು ಕರೆದರು ಅನ್ನುವುದು ಇಲ್ಲಿ ಬೇಡ.

ನೆನಪಿನಲ್ಲಿ ಆ ಪುಸ್ತಕ ಬಾಗಿಲಷ್ಟು ದೊಡ್ಡದಿತ್ತು. ಕೈಗೆ ತೆಗೆದುಕೊಂಡರೆ ನೋಟ್‌ಬುಕ್ಕಿನಷ್ಟೂ ಇಲ್ಲ. ರಟ್ಟು ಕಿತ್ತುಹೋಗಿ, ಅದರ ಜೊತೆ ಹೆಸರೂ ಹೋಗಿತ್ತು. ಹಾಳೆಗಳು ಹಳದಿಗೆ ತಿರುಗಿದ್ದವು. ಅಗ್ಗದ ಕಾಗದದಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ, ಗಾಳಿ ಬೆಳಕಿಗೆ ಅದು ಹೀಗಾಗುತ್ತದೆ. ಹಳೆ ಪುಸ್ತಕದ ಪರಿಮಳ ಅಂತ ನಾವು ಮೆಚ್ಚುವುದೂ ಬಹುಮಟ್ಟಿಗೆ ಕಾಗದ ಹಾಳಾಗುತ್ತಿರುವ ವಾಸನೆಯೇ. ನಾನು ಅಟ್ಟದ ಮೇಲೆ ಕೂತು, ಕಣ್ಣು ಮುಚ್ಚಿ, ಆಳವಾಗಿ ಮೂಸಿದೆ. ಸಾಲಾಗಿ ಏಳು ಸೀನು ಬಂತು.

ಕೆಳಗಿಳಿದು ಓದಲು ಕೂತೆ. ಕಥೆಯಲ್ಲಿ ಮೊದಲಿನಿಂದಲೂ ಒಂದು ತೊಡಕಿತ್ತು. ನಾಲ್ಕನೇ ಪುಟದವರೆಗೆ ಕರಡಿ ಒಂಟಿ. ಏಳನೇ ಪುಟದಲ್ಲಿ ಧುತ್ತನೆ ಪಕ್ಕದಲ್ಲೊಂದು ಮೊಲ. 26ನೇ ಪುಟದವರೆಗೆ ಇಬ್ಬರೂ ಜೀವದ ಗೆಳೆಯರು. 29ರಲ್ಲಿ ಮೊಲ ಇಲ್ಲ, ಕರಡಿ ಮಾತ್ರ ಹೊಟ್ಟೆ ಸವರುತ್ತಾ ನಗುತ್ತಿದೆ. ಕರಡಿ ಮೊಲವನ್ನು ತಿಂದುಬಿಟ್ಟಿತು ಅಂತಲೇ ನಾನು ತೀರ್ಮಾನ ಮಾಡಿದ್ದೆ, ಮಾಡಿಯೂ ಅದನ್ನು ಪ್ರೀತಿಸಿದ್ದೆ. ಈಗ ಲೆಕ್ಕ ಹಾಕಿದೆ. ಒಟ್ಟು 32 ಪುಟ, ಮಧ್ಯೆ ಎರಡು ಪಿನ್ನು. ಇಂಥ ಪುಸ್ತಕದಲ್ಲಿ ಒಂದೊಂದು ಹಾಳೆಯನ್ನೂ ಮಡಚಿ ನಾಲ್ಕು ಪುಟ ಮಾಡಿರುತ್ತಾರೆ. 5 ಮತ್ತು 6ನೇ ಪುಟ ಹರಿದರೆ, ಅದರ ಇನ್ನೊಂದರ್ಧ, ಅಂದರೆ 27 ಮತ್ತು 28, ಹಿಡಿತ ತಪ್ಪಿ ತಾನಾಗೇ ಬಿದ್ದುಹೋಗುತ್ತದೆ. ಮೊಲ ಬಂದ ಪುಟ ಹರಿದವರು ಮೊಲ ಮನೆಗೆ ಹೋದ ಪುಟವನ್ನೂ ಕಳೆದಿದ್ದರು, ಅಷ್ಟೇ. ಸುಮ್ನೆ ಒಂದು ಪ್ರಾಣಿಯ ಮೇಲೆ ಇಷ್ಟು ವರ್ಷ ಕೊಲೆ ಆರೋಪ.

ಈ ಸಂಶೋಧನೆಯನ್ನು ಹೆಂಡತಿಗೆ ವಿವರಿಸುವಾಗಲೇ ಪುಸ್ತಕದಿಂದ ಬೆಳ್ಳಿ ಬಣ್ಣದ ಹುಳು ಒಂದು ಉದುರಿ, ಸೋಫಾದ ಕೆಳಗೆ ಓಡಿತು. ಕಾಗದ, ಅಂಟು, ಗಂಜಿ ತಿಂದು ಬದುಕುವ ಜಾತಿ.

"ರೀ, ಒಂದೋ ಆ ಪುಸ್ತಕ ಹೊರಗೆ ಹೋಗಬೇಕು, ಇಲ್ಲಾ ನೀವು ಹೋಗಬೇಕು."

ಹುಳು ಹತ್ತಿದ ಪುಸ್ತಕವನ್ನು ಉಳಿಸಲು ಒಂದು ದಾರಿ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಡಬೇಕು. ಹುಳುವೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಆಮೇಲೆ ಹೊರಗೆ ತೆಗೆದು, ಚೀಲ ಬಿಚ್ಚದೆ ಇಡೀ ದಿನ ಹಾಗೇ ಬಿಡಬೇಕು. ನಾನು ಹದಿನಾಲ್ಕು ದಿನ ತಾಳ್ಮೆಯಿಂದ ಕಾದೆ. ಹದಿನೈದನೆಯ ದಿನ ಬೇಕಾಗಿದ್ದ ತಾಳ್ಮೆ ಅಷ್ಟರಲ್ಲಿ ಖಾಲಿಯಾಗಿತ್ತು.

"ಪುಟ್ಟೀ, ಬಾ, ಅಪ್ಪನ ಕರಡಿ ತೋರಿಸ್ತೀನಿ" ಎಂದು ಮಗಳನ್ನು ಕರೆದು ಫ್ರಿಜ್ಜಿನ ಮುಂದೆಯೇ ಚೀಲ ಬಿಚ್ಚಿದೆ. ತಣ್ಣಗಿನ ಹಾಳೆಗೆ ಹೊರಗಿನ ಗಾಳಿ ತಾಗಿದ್ದೇ ತಡ, ಐಸ್ ನೀರಿನ ಲೋಟ ಬೆವರುವ ಹಾಗೆ ಪುಸ್ತಕ ಬೆವರಿತು. ಗಾಬರಿಯಲ್ಲಿ ಟವೆಲ್ಲಿನಿಂದ ಒರೆಸಿದೆ. ಅದು ಇನ್ನೊಂದು ತಪ್ಪು.

"ಅಪ್ಪಾ, ಕರಡಿ ಅಳ್ತಾ ಇದೆ" ಅಂದಳು ಮಗಳು.

ನಿಜ. ಕನ್ನಡಕ ಕರಗಿ ಎರಡೂ ಕೆನ್ನೆಯ ಮೇಲೆ ಕಪ್ಪಗೆ ಇಳಿಯುತ್ತಿತ್ತು. ಟವೆಲ್ಲಿನ ಮೇಲೆ ಅರ್ಧ ಕನ್ನಡಕ. ಆದರೆ ವಿಚಿತ್ರ ನೋಡಿ, ಕೋಟಿನ ಕೆಂಪು ಒಂದಿಷ್ಟೂ ಕದಲಿರಲಿಲ್ಲ. ಅಚ್ಚಿನ ಶಾಯಿ ಎಣ್ಣೆಯದು, ನೀರಿಗೆ ಜಗ್ಗುವುದಿಲ್ಲ. ಹಾಗಾದರೆ ಕನ್ನಡಕ?

ಭೂತಗನ್ನಡಿ ತಂದೆ. ಬಣ್ಣದ ಅಚ್ಚನ್ನು ಹತ್ತಿರದಿಂದ ನೋಡಿದರೆ ಬರೀ ಚುಕ್ಕಿ: ನೀಲಿ, ಗುಲಾಬಿ, ಹಳದಿ, ಕಪ್ಪು. ಕೋಟಿನಲ್ಲಿ ಚುಕ್ಕಿ ಇತ್ತು. ಮರದಲ್ಲಿ ಇತ್ತು. ಮೊಲದ ಕಿವಿಯಲ್ಲೂ ಇತ್ತು. ಕನ್ನಡಕದಲ್ಲಿ ಒಂದೇ ಒಂದು ಚುಕ್ಕಿ ಇರಲಿಲ್ಲ. ಅದರ ಅಡಿಯಲ್ಲಿ ಮಾತ್ರ ಎರಡು ಹಳದಿ ಕಣ್ಣು ಮೆಲ್ಲಗೆ ಮೇಲೆ ಬರುತ್ತಿದ್ದವು.

ಅಕ್ಕನಿಗೆ ಫೋನ್ ಮಾಡಿದೆ.

"ಓ, ಅದಾ! ನಾನೇ ಕಣೋ ಬರೆದಿದ್ದು. ಆ ಕಣ್ಣು ನೋಡಿ ನೀನು ರಾತ್ರಿಯೆಲ್ಲಾ ಕಿರುಚ್ತಿದ್ದೆ. ನಂಗೆ ನಿದ್ದೆ ಬೇಕಿತ್ತು."

"ಸ್ಕೆಚ್ ಪೆನ್ನಲ್ಲಾ?"

"ಹೂಂ, ನಿಂದೇ. ನನ್ನದನ್ನ ಯಾಕೆ ಖಾಲಿ ಮಾಡ್ಲಿ?"

30 ವರ್ಷ ನಾನು ಹೊಗಳಿದ ಮಹಾ ಕಲಾವಿದ ಆಗ ಮೂರನೇ ಕ್ಲಾಸಿನಲ್ಲಿದ್ದ ನಮ್ಮಕ್ಕ. ಇದನ್ನು ಅವಳಿಗೆ ಹೇಳಲಿಲ್ಲ. ಹೇಳಿದರೆ ಇನ್ನೊಂದು 30 ವರ್ಷ ಅವಳು ಭಾಷಣ ಮಾಡುತ್ತಾಳೆ.

"ಅಕ್ಕಾ, ಹಾಗೇ ಆ ಮೊಲದ ಪುಟ..."

"ಮೊಲದ ವಿಷಯ ನಂಗೆ ಗೊತ್ತಿಲ್ಲಪ್ಪ. ಯಾರೋ ಬಾಗಿಲು ಬಡೀತಿದಾರೆ" ಎಂದು ಫೋನ್ ಇಟ್ಟಳು.

ರಾತ್ರಿ ಪುಸ್ತಕ ಒಣಗಲಿ ಅಂತ ಹಾಲಿನ ಮೇಜಿನ ಮೇಲೆ ಬಿಚ್ಚಿಟ್ಟು ಮಲಗಿದೆ. ಆ ಟೇಬಲ್ ಫ್ಯಾನ್ ಇದ್ದಿದ್ದರೆ ಬೇಗ ಒಣಗುತ್ತಿತ್ತು. ಹನ್ನೆರಡು ಗಂಟೆಗೆ ನೀರು ಕುಡಿಯಲು ಎದ್ದು ಲೈಟು ಹಾಕಿದೆ. ಎದುರಿಗೇ ಆ ಎರಡು ಕಣ್ಣು.

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಪುಸ್ತಕವನ್ನು ಬೋರಲು ಹಾಕಿ, ಮಗಳ ಸ್ಕೆಚ್ ಪೆನ್ನಿನ ಡಬ್ಬಿ ಹುಡುಕಲು ಹೊರಟೆ.