ಶಾಲೆಯ ಕರೆಂಟಿಗೆ ಮಾರುಕಟ್ಟೆಯ ಜೂಜು ಬೇಡ

ಟೆಕ್ಸಸ್‌ನಲ್ಲಿ ನಾವು ಕಟ್ಟುವ ಮನೆತೆರಿಗೆಯ ದೊಡ್ಡ ಪಾಲು ಶಾಲೆಗಳಿಗೆ ಹೋಗುತ್ತದೆ. ಆದ್ದರಿಂದ ನಮ್ಮ ಶಾಲಾ ಜಿಲ್ಲೆಯ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ, ಆಡಳಿತ ಮಂಡಳಿಯ ಸಭೆಗೆ ಆಗಾಗ ಹೋಗುತ್ತೇನೆ. ಪಠ್ಯ, ಬಸ್ಸು, ಫುಟ್‌ಬಾಲ್ ಮೈದಾನಗಳ ಬಗ್ಗೆ ಅಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಹಲವು ವರ್ಷಗಳ ವಿದ್ಯುತ್ ಖರೀದಿ ಒಪ್ಪಂದಕ್ಕೆ ಮಾತ್ರ ಇನ್ನಷ್ಟು ವಿಷಯಗಳ ಜೊತೆ ಒಂದೇ ಏಟಿಗೆ ಒಪ್ಪಿಗೆ ಸಿಕ್ಕಿಬಿಡುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಶಿಕ್ಷಕರ ಸಂಬಳಕ್ಕೂ ಕರೆಂಟಿಗೂ ದುಡ್ಡು ಬರುವುದು ಒಂದೇ ಗಂಟಿನಿಂದ.

1999ರ ಕಾನೂನಿನಂತೆ 2002ರ ಜನವರಿಯಿಂದ ಇಲ್ಲಿ ವಿದ್ಯುತ್ ಮಾರಾಟ ಪೈಪೋಟಿಗೆ ತೆರೆದುಕೊಂಡಿತು. ಡಲ್ಲಾಸ್, ಹ್ಯೂಸ್ಟನ್ ಕಡೆಯ ಶಾಲೆಗಳು ತಮಗೆ ಬೇಕಾದ ಕಂಪನಿಯಿಂದ ಕೊಳ್ಳಬಹುದು. ತಂತಿ ಮಾತ್ರ ಆಯಾ ಪ್ರದೇಶದ ಒಂದೇ ಕಂಪನಿಯದು. ಆಸ್ಟಿನ್, ಸ್ಯಾನ್ ಆಂಟೋನಿಯೊ ನಗರಗಳು ಇದಕ್ಕೆ ಸೇರದೆ ತಮ್ಮದೇ ಸಂಸ್ಥೆಗಳನ್ನು ಉಳಿಸಿಕೊಂಡಿವೆ.

ಆಯ್ಕೆ ಇದ್ದರೆ ಅಗ್ಗ ಎಂಬ ನಂಬಿಕೆ 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ನಡುಗಿಹೋಯಿತು. ಸಾಮಾನ್ಯವಾಗಿ ಯೂನಿಟ್ಟಿಗೆ ಕೆಲವೇ ಸೆಂಟ್ ಇರುವ ಸಗಟು ದರ 9 ಡಾಲರಿಗೆ ಏರಿ, ದಿನಗಟ್ಟಲೆ ಅಲ್ಲೇ ನಿಂತಿತು. ಸ್ಥಿರ ದರಕ್ಕೆ ಸಹಿ ಹಾಕಿದ್ದವರು ಬಚಾವಾದರು. ಸಗಟು ದರಕ್ಕೆ ಜೋಡಿಸಿಕೊಂಡಿದ್ದವರಿಗೆ ಕೆಲವೇ ದಿನಗಳ ಬಿಲ್ಲು ಹಲವು ವರ್ಷಗಳ ಉಳಿತಾಯವನ್ನು ನುಂಗುವಷ್ಟು ಬಂತು. ಮಕ್ಕಳ ದುಡ್ಡಿನಲ್ಲಿ ಅಂಥ ಪಣ ಕಟ್ಟುವ ಹಕ್ಕು ಯಾವ ಮಂಡಳಿಗೂ ಇರಬಾರದು.

ಸ್ಥಿರ ದರ ಎಂದು ಬರೆದಿದ್ದರೂ ಒಪ್ಪಂದದ ಒಳಪುಟಗಳನ್ನು ಓದಲೇಬೇಕು. ನಿಗದಿತ ಬಳಕೆಗಿಂತ ಇಷ್ಟು ಶೇಕಡಾ ಹೆಚ್ಚಾದರೆ ಆ ಹೆಚ್ಚುವರಿಗೆ ಮಾರುಕಟ್ಟೆ ದರ ಎಂಬ ಷರತ್ತು ಅಲ್ಲಿ ಇರಬಹುದು. ಹೊಸ ಶಾಲೆಗಳು ಏಳುತ್ತಲೇ ಇರುವ ನಮ್ಮಂಥ ಊರಿಗೆ ಅದು ಹೊಡೆತವೇ. ಇನ್ನು ಶಾಲೆಗೂ ಕಂಪನಿಗೂ ನಡುವೆ ಒಪ್ಪಂದ ಕುದುರಿಸುವ ದಲ್ಲಾಳಿಯ ಕಮಿಷನ್. ಅದಕ್ಕೆ ಪ್ರತ್ಯೇಕ ರಸೀದಿ ಇಲ್ಲ, ಯೂನಿಟ್ ದರದ ಒಳಗೇ ಸೇರಿರುತ್ತದೆ. ವರ್ಷಕ್ಕೆ 2 ಕೋಟಿ ಯೂನಿಟ್ ಬಳಸುವ ಜಿಲ್ಲೆಯಲ್ಲಿ ಯೂನಿಟ್ಟಿಗೆ 0.3 ಸೆಂಟ್ ಕಮಿಷನ್ ಎಂದುಕೊಳ್ಳಿ. 60,000 ಡಾಲರ್ ಆಯಿತು, ಒಬ್ಬ ಹೊಸ ಶಿಕ್ಷಕರ ವರ್ಷದ ಸಂಬಳದ ಆಸುಪಾಸು. 2019ರಲ್ಲಿ ಬಂದ ಕಾನೂನಿನಿಂದ ದಲ್ಲಾಳಿಗಳು ನೋಂದಣಿ ಮಾಡಿಸಬೇಕಾಗಿದೆ, ಅಷ್ಟು ಒಳ್ಳೆಯದು.

ಯಾವ ಕಂಪನಿಯಿಂದ ಕೊಂಡರೂ ಬಿಲ್ಲಿನ ಇನ್ನೊಂದು ಭಾಗ ಬದಲಾಗುವುದೇ ಇಲ್ಲ. ದೊಡ್ಡ ಗ್ರಾಹಕರು ವಿದ್ಯುತ್ ಸಾಗಣೆಗೆ ಕೊಡುವ ಪ್ರಸರಣ ಶುಲ್ಕ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಟೆಕ್ಸಸ್‌ನ ಇಡೀ ವಿದ್ಯುತ್ ಜಾಲದ ಬೇಡಿಕೆ ತುತ್ತತುದಿ ಮುಟ್ಟಿದ 15 ನಿಮಿಷಗಳಲ್ಲಿ ಅವರು ಎಷ್ಟು ಬಳಸಿದರು ಎಂಬುದರ ಮೇಲೆ ನಿಂತಿದೆ. ಶಾಲೆಗಳು ತೆರೆಯುವುದೇ ಆಗಸ್ಟ್‌ನ ಉರಿಬಿಸಿಲಿನಲ್ಲಿ. 2023ರ ಆಗಸ್ಟ್ 10ರಂದು ಜಾಲದ ಬೇಡಿಕೆ 85,508 ಮೆಗಾವ್ಯಾಟ್ ಮುಟ್ಟಿತ್ತು. ಅಂಥ ಸಂಜೆಗಳಲ್ಲಿ ಮಕ್ಕಳು ಹೊರಟ ಮೇಲೂ ಖಾಲಿ ತರಗತಿಗಳನ್ನು ತಣ್ಣಗಿಟ್ಟರೆ ಮುಂದಿನ ವರ್ಷವೆಲ್ಲ ಅದರ ದಂಡ ತೆರಬೇಕು. ಆ ಹೊತ್ತಿಗೆ ಏಸಿ ತಗ್ಗಿಸುವ ನಿರ್ವಹಣಾ ಸಿಬ್ಬಂದಿಯೊಬ್ಬರು ಎಷ್ಟೋ ದಲ್ಲಾಳಿಗಳಿಗಿಂತ ಹೆಚ್ಚು ಉಳಿಸಬಲ್ಲರು.

ಕರ್ನಾಟಕದಲ್ಲಿ ಶಾಲೆಗೆ ಈ ತಲೆಬಿಸಿ ಇಲ್ಲ. ಬೆಂಗಳೂರಾದರೆ ಬೆಸ್ಕಾಂ, ಮಂಗಳೂರಾದರೆ ಮೆಸ್ಕಾಂ. ದರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸಿ ನಿಗದಿಪಡಿಸುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಘೋಷಿಸಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಬಿಲ್ಲು ಕಣ್ಣಿಗೆ ಬೀಳದ ಕಡೆ ಬಳಕೆಯ ಲೆಕ್ಕ ಇಡುವವರೂ ಕಡಿಮೆಯಾಗುತ್ತಾರೆ. ಆ ಲೆಕ್ಕವನ್ನು ಶಾಲೆಗಳು ಈಗಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದೇ ತಂತಿಜಾಲದಲ್ಲಿ ಹಲವು ಕಂಪನಿಗಳು ವಿದ್ಯುತ್ ಮಾರಲು ಅವಕಾಶ ಕೊಡುವ ತಿದ್ದುಪಡಿ ಮಸೂದೆ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಯಿತು. ಅಂಥ ಕಾನೂನು ಎಂದಾದರೂ ಜಾರಿಯಾದರೆ ಹಳ್ಳಿಯ ಮುಖ್ಯ ಶಿಕ್ಷಕರನ್ನು ದಲ್ಲಾಳಿಗಳ ಮುಂದೆ ಒಂಟಿಯಾಗಿ ನಿಲ್ಲಿಸಬೇಡಿ. ಟೆಕ್ಸಸ್‌ನಲ್ಲಿ ಶಾಲಾ ಜಿಲ್ಲೆಗಳು ಒಟ್ಟಾಗಿ ಖರೀದಿಸಲು ಕಾನೂನಿನಲ್ಲೇ ದಾರಿಯಿದೆ. ಕರ್ನಾಟಕದಲ್ಲೂ ಜಿಲ್ಲೆಯ ಎಲ್ಲ ಶಾಲೆಗಳಿಗೆ ಸೇರಿ ಒಂದೇ ಸ್ಥಿರ ದರದ ಒಪ್ಪಂದವಾಗಲಿ, ಕಮಿಷನ್ ಎಷ್ಟೆಂದು ಅದರ ಮೊದಲ ಪುಟದಲ್ಲೇ ಅಚ್ಚಾಗಲಿ.